ಯಾವ ಚೀಲ ಎಲ್ಲಿದೆ? ಬ್ಯಾಟರಿಯಿಲ್ಲದ ಟ್ಯಾಗನ್ನು ರೇಡಿಯೋ ಪ್ರತಿಫಲನದಿಂದ ಹುಡುಕುವ ಸಮಗ್ರ ಮಾರ್ಗದರ್ಶಿ

ಕಾರ್ಕಳದ ಹತ್ತಿರ ನನ್ನ ಮಾವನವರದ್ದೊಂದು ಗೇರುಬೀಜದ ಗೋದಾಮು ಉಂಟು. ಮಳೆಗಾಲಕ್ಕೆ ಮೊದಲು ಅಲ್ಲಿ ಗೋಣಿಚೀಲದ ಅಟ್ಟಿ ಮಾಡಿನ ಹತ್ತಿರ ಬಂದಿರುತ್ತದೆ. ಊರಿನ ಬೀಜ, ಆಫ್ರಿಕಾದಿಂದ ಹಡಗಿನಲ್ಲಿ ಬಂದ ಬೀಜ, ಚೆನ್ನಾಗಿ ಒಣಗಿದ್ದು, ಇನ್ನೂ ಒಂದು ಬಿಸಿಲು ಬೇಕಾದದ್ದು, ಎಲ್ಲ ಬೇರೆ ಬೇರೆ ಲಾಟು. ಇಡುವಾಗ ಲೆಕ್ಕ ಸರಿ ಇರುತ್ತದೆ. ನಾಲ್ಕು ಸಲ ಅತ್ತಿಂದಿತ್ತ ಹೊತ್ತು ಹಾಕಿದ ಮೇಲೆ ಯಾವ ಚೀಲ ಎಲ್ಲಿ ಹೋಯಿತು ಅಂತ ಯಾರಿಗೂ ಹೇಳಲಾಗುವುದಿಲ್ಲ. ಒದ್ದೆ ಹವೆಗೆ ಒಂದು ಲಾಟಿಗೆ ಬೂಷ್ಟು ಹಿಡಿದರೆ ಅದನ್ನು ಮೊದಲು ಹೊರಗೆ ತೆಗೆಯಬೇಕು. ಹುಡುಕುವಷ್ಟರಲ್ಲಿ ಪಕ್ಕದ ಚೀಲಕ್ಕೂ ತಗಲಿರುತ್ತದೆ.

ಚೀಲಕ್ಕೊಂದು ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೀಡರ್ ಎಂಬ ಯಂತ್ರ ರೇಡಿಯೋ ಅಲೆಯಿಂದ ದೂರದಲ್ಲೇ ನಂಬರ್ ಓದುವ ಚೀಟಿ, ಅಂಟಿಸಿದರೆ ಚೀಲ ಗೋದಾಮಿನಲ್ಲಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಎಲ್ಲಿದೆ? ಅದಕ್ಕೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ನಾನು ಉಡುಪಿಯಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುವವ. ಈ ಹೆಜ್ಜೆಯನ್ನು ನಾನೇ ಮಾಡಿ ನೋಡಿದ್ದೇನೆ. ನೀವೂ ಮಾಡುವ ಹಾಗೆ ಇಲ್ಲಿ ಬರೆಯುತ್ತೇನೆ. ಗೇರುಬೀಜದ ಜಾಗದಲ್ಲಿ ಲೈಬ್ರರಿ ಪುಸ್ತಕ, ಮಲ್ಪೆಯ ಮೀನಿನ ಪೆಟ್ಟಿಗೆ, ವರ್ಕ್‌ಶಾಪಿನ ಉಪಕರಣ ಏನಿದ್ದರೂ ವಿಧಾನ ಒಂದೇ.

ಟ್ಯಾಗ್ ಏನು ಮಾಡುತ್ತದೆ

ರಾತ್ರಿ ಹೆದ್ದಾರಿ 66ರಲ್ಲಿ ಹೋಗುವಾಗ ರಸ್ತೆ ನಡುವಿನ ರಿಫ್ಲೆಕ್ಟರ್‌ಗಳನ್ನು ನೋಡಿದ್ದೀರಿ, ಅಲ್ವಾ? ಅದಕ್ಕೆ ಕರೆಂಟಿಲ್ಲ. ನಮ್ಮ ಹೆಡ್‌ಲೈಟ್ ಬಿದ್ದರೆ ಹೊಳೆಯುತ್ತದೆ, ಅಷ್ಟೆ. ಟ್ಯಾಗ್ ಕೂಡ ಹಾಗೆಯೇ. ರೀಡರ್ ರೇಡಿಯೋ ಅಲೆ ಬಿಡುತ್ತದೆ. ಟ್ಯಾಗ್ ಆ ಅಲೆಯಲ್ಲೇ ಚೂರು ಶಕ್ತಿ ಹೀರಿ ತನ್ನ ಚಿಪ್ ನಡೆಸಿಕೊಳ್ಳುತ್ತದೆ. ಆಮೇಲೆ ತನ್ನ ಆ್ಯಂಟೆನಾದ ಗುಣವನ್ನು ಬೇಗ ಬೇಗ ಬದಲಿಸುತ್ತದೆ. ಒಮ್ಮೆ ಜಾಸ್ತಿ ಪ್ರತಿಫಲನ, ಒಮ್ಮೆ ಕಡಿಮೆ. ಈ ಏರಿಳಿತದಲ್ಲಿ ಅದರ ನಂಬರ್ ಅಡಗಿದೆ. ಇದಕ್ಕೆ ಬ್ಯಾಕ್‌ಸ್ಕ್ಯಾಟರ್ ಅನ್ನುತ್ತಾರೆ. ಚಿಪ್ ಎಚ್ಚರಾಗಲು ಸುಮಾರು 10 ಮೈಕ್ರೋವಾಟ್ ಸಾಕು. ಅಂದರೆ ಒಂದು ವಾಟಿನ ಲಕ್ಷದಲ್ಲಿ ಒಂದು ಪಾಲು.

ಹೆಜಮಾಡಿ, ತಲಪಾಡಿ ಟೋಲ್‌ಗಳಲ್ಲಿ ಕಾರಿನ ಗಾಜಿನ ಫಾಸ್ಟ್ಯಾಗ್ ಓದುವುದು ಇದೇ ರೀತಿಯಲ್ಲಿ. ಪ್ರತಿಫಲನದಿಂದ ಮಾತಾಡಬಹುದು ಎಂಬ ವಿಚಾರ ಹೊಸತೇನಲ್ಲ. ಹ್ಯಾರಿ ಸ್ಟಾಕ್‌ಮನ್ ಎಂಬವರು 1948ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದಿದ್ದರು.

ಮೊದಲನೆಯದು: ಸಿಗ್ನಲ್ಲಿನ ಬಲವನ್ನು ನಂಬಬೇಡಿ

ಹೊಸದಾಗಿ ಶುರು ಮಾಡುವವರೆಲ್ಲ ಮೊದಲು ನೋಡುವುದು ಆರ್‌ಎಸ್‌ಎಸ್‌ಐ, ಅಂದರೆ ಸಿಗ್ನಲ್ ಎಷ್ಟು ಜೋರಾಗಿದೆ ಅನ್ನುವ ಸಂಖ್ಯೆ. ಜೋರಾಗಿದ್ದರೆ ಹತ್ತಿರ, ಮೆಲ್ಲಗಿದ್ದರೆ ದೂರ ಅಂತ ಲೆಕ್ಕ. ಬಯಲಿನಲ್ಲಿ ಇದು ನಿಜವೇ. ಅಲೆ ಹೋಗಿ ಬರಬೇಕಾದ್ದರಿಂದ ದೂರ ಎರಡು ಪಟ್ಟಾದರೆ ವಾಪಸ್ ಬರುವ ಶಕ್ತಿ ಹದಿನಾರರಲ್ಲಿ ಒಂದು ಪಾಲಾಗುತ್ತದೆ.

ಗೋದಾಮಿನಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ನೇರ ಬಂದ ಅಲೆಯ ಜತೆ ಶಟರ್‌ಗೆ, ನೆಲಕ್ಕೆ, ತಗಡಿನ ಮಾಡಿಗೆ ಬಡಿದು ಬಂದ ಅಲೆಗಳೂ ಸೇರುತ್ತವೆ. ಒಂದು ಕಡೆ ಅವು ಒಂದಕ್ಕೊಂದು ಬಲ ಕೊಡುತ್ತವೆ. ಒಂದು ಗೇಣು ಆಚೆ ಒಂದನ್ನೊಂದು ಕೊಲ್ಲುತ್ತವೆ. ಹಾಗಾಗಿ ನಾಲ್ಕು ಮೀಟರ್ ದೂರದ ಟ್ಯಾಗ್ ಎರಡು ಮೀಟರ್ ದೂರದ್ದಕ್ಕಿಂತ ಜೋರಾಗಿ ಕೇಳಿಸಬಹುದು. ಮಂಗಳೂರು ಹಂಚಿನ ಮಾಡು ಇದ್ದರೆ ತೊಂದರೆ ಕಡಿಮೆ, ಒಣ ಹಂಚು ಅಲೆಯನ್ನು ಬಹುಪಾಲು ಹೊರಗೆ ಹೋಗಲು ಬಿಡುತ್ತದೆ. ತಗಡಿನ ಶೀಟು ಕನ್ನಡಿ ಇದ್ದ ಹಾಗೆ.

ಬಲದಿಂದ ಒಂದು ಕೆಲಸ ಮಾತ್ರ ಮಾಡಿಸಿಕೊಳ್ಳಿ: ಯಾವ ಅಂಕಣ, ಅಂದರೆ ಯಾವ ಎರಡು ಕಂಬಗಳ ನಡುವಿನ ಜಾಗ ಅಂತ ಗೊತ್ತುಮಾಡುವುದು. ಪ್ರತಿ ಕಂಬಕ್ಕೂ ಜಾಗ ಗೊತ್ತಿರುವ ಒಂದೊಂದು ಟ್ಯಾಗ್ ಅಂಟಿಸಿ. ಹುಡುಕುವ ಚೀಲದ ಆರ್‌ಎಸ್‌ಎಸ್‌ಐ ಆ್ಯಂಟೆನಾವನ್ನು ಎರಡು ಮೂರು ಕಡೆ ಇಟ್ಟು ಓದಿದಾಗ ಯಾವ ಕಂಬದ ಟ್ಯಾಗಿಗೆ ಹೋಲುತ್ತದೆ ನೋಡಿ. ಚೀಲ ಆ ಕಂಬದ ಆಸುಪಾಸಿನಲ್ಲಿರುವ ಸಾಧ್ಯತೆ ಜಾಸ್ತಿ. ಕಂಬದ ಟ್ಯಾಗೂ ಚೀಲದ ಟ್ಯಾಗೂ ಒಂದೇ ಮಾದರಿಯದ್ದಾಗಿರಲಿ.

ನಂಬಬೇಕಾದದ್ದು ಫೇಸ್

ತ್ರೀ ಫೇಸ್ ಕರೆಂಟಿನಲ್ಲಿ ಬರುವ ಅದೇ ಫೇಸ್. ಅಲೆಯನ್ನು ಗಡಿಯಾರದ ಮುಳ್ಳು ಅಂತ ಎಣಿಸಿ. ನಮ್ಮ ದೇಶದ ಆರ್‌ಎಫ್‌ಐಡಿ ತರಂಗದ ಉದ್ದ ಸುಮಾರು 34.6 ಸೆಂಟಿಮೀಟರ್. ಅಷ್ಟು ದೂರ ಹೋಗುವಾಗ ಮುಳ್ಳು ಒಂದು ಪೂರ್ತಿ ಸುತ್ತು ಸುತ್ತುತ್ತದೆ. ಬಿಟ್ಟ ಅಲೆಯ ಮುಳ್ಳು ಎಲ್ಲಿತ್ತು, ಬಂದ ಅಲೆಯ ಮುಳ್ಳು ಎಲ್ಲಿದೆ ಅಂತ ಒಳ್ಳೆಯ ರೀಡರ್ ಹೋಲಿಸಿ ಹೇಳುತ್ತದೆ.

ಟ್ಯಾಗ್ 1 ಸೆಂಟಿಮೀಟರ್ ದೂರ ಹೋದರೆ ಅಲೆ ಹೋಗಿ ಬರುವ ದಾರಿ 2 ಸೆಂಟಿಮೀಟರ್ ಬೆಳೆಯಿತು. ಮುಳ್ಳು ಸುಮಾರು 21 ಡಿಗ್ರಿ ತಿರುಗಿತು. ಎಷ್ಟು ಸೂಕ್ಷ್ಮ ನೋಡಿ! ಆದರೆ ಒಂದು ತೊಡಕು ಉಂಟು. 17.3 ಸೆಂಟಿಮೀಟರಿಗೊಮ್ಮೆ ಮುಳ್ಳು ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಎಷ್ಟನೇ ಸುತ್ತು ಅಂತ ಅದು ಹೇಳುವುದಿಲ್ಲ. ಜತೆಗೆ ಕೇಬಲ್, ರೀಡರ್, ಟ್ಯಾಗಿನ ಚಿಪ್ ಎಲ್ಲ ತಮ್ಮ ಪಾಲಿನ ತಿರುವನ್ನು ಸೇರಿಸುತ್ತವೆ. ಆದ್ದರಿಂದ ಒಂದು ಕಡೆ ನಿಂತು ಒಂದು ಸಲ ಓದಿದ ಫೇಸ್‌ನಿಂದ ಏನೂ ಗೊತ್ತಾಗದು. ಆ್ಯಂಟೆನಾ ಸರಿಸುತ್ತಾ ಓದಬೇಕು. ಎಲ್ಲ ಗುಟ್ಟು ಆ ಸರಿಸುವುದರಲ್ಲೇ ಇರುವುದು.

ಹಲವು ಆವರ್ತನಗಳಲ್ಲಿ ಓದಿ ಅವುಗಳ ಫೇಸ್ ವ್ಯತ್ಯಾಸದಿಂದ ದೂರ ಕಂಡುಹಿಡಿಯಬಹುದಲ್ಲ ಅಂತ ಓದಿಕೊಂಡವರು ಕೇಳುತ್ತಾರೆ. ಅಮೆರಿಕದಲ್ಲಿ ಇದಕ್ಕೆ 902ರಿಂದ 928ರವರೆಗೆ 26 ಮೆಗಾಹರ್ಟ್ಸ್ ಜಾಗ ಇದೆ. ಫೇಸ್‌ನಲ್ಲಿ 5 ಡಿಗ್ರಿ ತಪ್ಪಾದರೂ ದೂರದಲ್ಲಿ ತಪ್ಪುವುದು ಸುಮಾರು 8 ಸೆಂಟಿಮೀಟರ್. ನಮಗೆ ಸಿಗುವ 3 ಮೆಗಾಹರ್ಟ್ಸ್ ಅಗಲದಲ್ಲಿ ಅದೇ 5 ಡಿಗ್ರಿ ತಪ್ಪು ಸುಮಾರು 70 ಸೆಂಟಿಮೀಟರ್ ಆಗುತ್ತದೆ. ಹೊರದೇಶದ ಪಾಠ ನೋಡಿ ಹೊರಟವರು ಇಲ್ಲಿ ಸೋಲುವುದು ಇದಕ್ಕೇ.

ಏನೇನು ಬೇಕು

ಫೇಸ್ ಕೊಡುವ ಯುಎಚ್‌ಎಫ್ ರೀಡರ್, ಅಂದರೆ ಮೇಲೆ ಹೇಳಿದ ತರಂಗದಲ್ಲಿ ಕೆಲಸ ಮಾಡುವ ರೀಡರ್ ಬೇಕು. ಕೈಯಲ್ಲಿ ಹಿಡಿಯುವ ಅಗ್ಗದ ರೀಡರ್‌ಗಳಲ್ಲಿ ಹೆಚ್ಚಿನವು ಇದನ್ನು ಕೊಡುವುದಿಲ್ಲ. ದುಡ್ಡು ಕೊಡುವ ಮೊದಲು ಕೈಪಿಡಿಯಲ್ಲಿ ಫೇಸ್ ಆ್ಯಂಗಲ್ ಎಂಬ ಮಾತು ಇದೆಯೇ ನೋಡಿ. ಇಂಪಿಂಜ್ ಆರ್420, ಥಿಂಗ್‌ಮ್ಯಾಜಿಕ್ ಎಂ6ಇ ಇಂಥವು ಕೊಡುತ್ತವೆ. ಬೆಲೆ ಜಾಸ್ತಿ. ಸುರತ್ಕಲ್, ಮಣಿಪಾಲ, ನಿಟ್ಟೆ ಎಲ್ಲ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ, ಕೊನೆ ವರ್ಷದ ಮಕ್ಕಳು ಒಳ್ಳೆ ಪ್ರಾಜೆಕ್ಟ್ ಹುಡುಕುತ್ತಿರುತ್ತಾರೆ. ಕೊಳ್ಳುವ ಮೊದಲು ಅವರ ಜತೆ ಸೇರಿ ಒಂದು ವಾರ ಪ್ರಯೋಗ ಮಾಡಿದರೆ ಇಬ್ಬರಿಗೂ ಒಳ್ಳೆಯದು.

ವೃತ್ತಾಕಾರ ಧ್ರುವೀಕರಣದ (ಟ್ಯಾಗ್ ಅಡ್ಡ ಇದ್ದರೂ ನೆಟ್ಟಗಿದ್ದರೂ ಓದುವ) ಒಂದು ಪ್ಯಾನೆಲ್ ಆ್ಯಂಟೆನಾ, ಗಟ್ಟಿ ಕನೆಕ್ಟರಿನ ಕೇಬಲ್, ಒಂದೇ ಮಾದರಿಯ ಟ್ಯಾಗ್‌ಗಳು, ಲ್ಯಾಪ್‌ಟಾಪ್, ಟೇಪು, ಮತ್ತು ಚಕ್ರದ ಒಂದು ಮರದ ಗಾಡಿ. ಸಾಫ್ಟ್‌ವೇರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸಾಕು. ರೀಡರ್ ಜತೆ ಎಲ್‌ಎಲ್‌ಆರ್‌ಪಿ ಭಾಷೆಯಲ್ಲಿ ಮಾತಾಡಲು ಸ್ಲರ್ಪ್ ಎಂಬ ಉಚಿತ ಲೈಬ್ರರಿ ಸಿಗುತ್ತದೆ.

ಕಾನೂನಿನ ವಿಷಯ ದಯವಿಟ್ಟು ದಾಟಿ ಹೋಗಬೇಡಿ. ಭಾರತದಲ್ಲಿ 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ಆಮೇಲೆ ಅದು 868ರವರೆಗೆ ಬೆಳೆಯಿತು. ಟ್ರಾನ್ಸ್‌ಮಿಟರ್ 1 ವಾಟ್, ಆ್ಯಂಟೆನಾ ಅದನ್ನು ಒಂದೇ ದಿಕ್ಕಿಗೆ ಒಟ್ಟುಮಾಡಿದಾಗ ಬರುವ ಪರಿಣಾಮಕಾರಿ ಶಕ್ತಿ (ಇಆರ್‌ಪಿ) 4 ವಾಟ್ ಮೀರಬಾರದು. ರೀಡರಿಗೆ ಡಬ್ಲ್ಯುಪಿಸಿಯ (ರೇಡಿಯೋ ಬಳಕೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ವಿಭಾಗ) ಇಟಿಎ ಎಂಬ ಉಪಕರಣ ಅನುಮೋದನೆ ಇದೆಯೇ ಅಂತ ಮಾರುವವರನ್ನು ಕೇಳಿ. ಹೊರಗಿಂದ ತರಿಸಿದ ರೀಡರ್ ಅಮೆರಿಕದ ಸೆಟ್ಟಿಂಗ್‌ನಲ್ಲೇ ಬಂದಿರಬಹುದು. ಅದನ್ನು ಹಾಗೇ ಚಾಲೂ ಮಾಡಿದರೆ 902ರ ಮೇಲೆ ಕೂಗುತ್ತದೆ. ನಮ್ಮಲ್ಲಿ 890ರಿಂದ 915ರವರೆಗೆ ಮೊಬೈಲ್ ಫೋನುಗಳು ಟವರ್‌ಗೆ ಮಾತಾಡುವ ಜಾಗ. ಅಕ್ಕಪಕ್ಕದವರ ಫೋನಿಗೆ ತೊಂದರೆ ಕೊಟ್ಟ ಹಾಗಾಗುತ್ತದೆ.

ಮನೆಯಲ್ಲೇ ಮಾಡುವ ಪರೀಕ್ಷೆ

ಗೋದಾಮಿಗೆ ಹೋಗುವ ಮೊದಲು ಮೇಜಿನ ಮೇಲೆ ಅರ್ಧ ಗಂಟೆ ಕೊಡಿ. ಆ್ಯಂಟೆನಾ ಜೋಡಿಸದೆ ರೀಡರ್ ಶಕ್ತಿ ಬಿಡಬಾರದು, ಅದು ಹಾಳಾಗಬಹುದು. ಆವರ್ತನವನ್ನು ಒಂದೇ ಚಾನೆಲ್‌ಗೆ ನಿಲ್ಲಿಸಿ. ರೀಡರ್ ಚಾನೆಲ್ ಹಾರುತ್ತಿದ್ದರೆ ಪ್ರತಿ ಹಾರಾಟಕ್ಕೂ ಫೇಸ್ ಜಿಗಿಯುತ್ತದೆ. ನಿಲ್ಲಿಸಲು ಬಿಡದ ರೀಡರ್ ಆದರೆ ಒಂದೊಂದು ಚಾನೆಲ್‌ನ ಓದುಗಳನ್ನು ಬೇರೆ ಬೇರೆ ಇಟ್ಟು ಲೆಕ್ಕ ಮಾಡಿ.

ಈಗ ಒಂದು ಟ್ಯಾಗನ್ನು ಒಂದು ಮೀಟರ್ ದೂರದಲ್ಲಿಟ್ಟು, ಸ್ಕೇಲಿನ ಪಕ್ಕದಲ್ಲಿ 5 ಸೆಂಟಿಮೀಟರ್ ಹಿಂದಕ್ಕೆ ನಿಧಾನ ಎಳೆಯಿರಿ. ಫೇಸ್ ಸುಮಾರು 104 ಡಿಗ್ರಿ ಬದಲಾಗಬೇಕು. ಇಲ್ಲಿ ಎರಡು ವಿಷಯ ಬರೆದಿಟ್ಟುಕೊಳ್ಳಿ. ದೂರ ಹೋದಾಗ ಸಂಖ್ಯೆ ಏರುತ್ತದೋ ಇಳಿಯುತ್ತದೋ? ರೀಡರಿನಿಂದ ರೀಡರಿಗೆ ಇದು ಉಲ್ಟಾ ಇರುತ್ತದೆ. ಎರಡನೆಯದು, ಟ್ಯಾಗ್ ಅಲುಗದೆ ಇದ್ದರೂ ಫೇಸ್ ಆಗಾಗ 180 ಡಿಗ್ರಿ ಹಾರುತ್ತದೋ? ಹೆಚ್ಚಿನ ರೀಡರ್‌ಗಳಲ್ಲಿ ಈ ಗೊಂದಲ ಇದೆ. ಹಾಗಿದ್ದರೆ ಪ್ರತಿ ಫೇಸನ್ನು ಎರಡರಿಂದ ಗುಣಿಸಿ. 180ರ ಹಾರಾಟ 360 ಆಗಿ ತಾನೇ ಮಾಯವಾಗುತ್ತದೆ. ಇದನ್ನು ತಿಳಿಯದೆ ನಾನು ಎರಡು ದಿನ ಕೇಬಲ್ ಬದಲಿಸುತ್ತಾ ಕಳೆದಿದ್ದೇನೆ. ನಿಮಗೆ ಆ ಎರಡು ದಿನ ಉಳಿಯಲಿ.

ಕೇಬಲ್ ಮಡಚಿದರೂ ಫೇಸ್ ಸ್ವಲ್ಪ ಸರಿಯುತ್ತದೆ. ಗಾಡಿಯ ಮೇಲೆ ರೀಡರ್ ಮತ್ತು ಆ್ಯಂಟೆನಾ ಎರಡನ್ನೂ ಕಟ್ಟಿ, ನಡುವಿನ ಕೇಬಲ್ ಅಲುಗದ ಹಾಗೆ ಮಾಡಿ.

ಚೀಲಕ್ಕೆ ಟ್ಯಾಗ್ ಹಾಕುವುದು

"ಇದಕ್ಕೆ ಬ್ಯಾಟರಿ ಇಲ್ವಾ ಮಾಸ್ಟ್ರೇ? ಹಾಗಾದ್ರೆ ಎಲ್ಲಿ ಬೇಕಾದ್ರೂ ಅಂಟಿಸಬಹುದಲ್ಲ?" ಅಂತ ಚೀಲ ಹೊರುವ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಅಂಟಿಸಬಾರದು. ತುಂಬಿದ ಚೀಲದ ಹೊಟ್ಟೆಗೆ ಅಂಟಿಸಿದರೆ ಒಳಗಿನ ಬೀಜ, ಅದರ ತೇವ ಎಲ್ಲ ಸೇರಿ ಟ್ಯಾಗಿನ ಶ್ರುತಿ ತಪ್ಪಿಸುತ್ತವೆ. ನೆನೆದ ಗೋಣಿಯ ಮೇಲಂತೂ ಓದುವುದೇ ಕಷ್ಟ, ನೀರು ಈ ಅಲೆಯನ್ನು ಚೆನ್ನಾಗಿ ನುಂಗುತ್ತದೆ. ಟ್ಯಾಗನ್ನು ಚೀಲದ ಕಿವಿಗೆ ಹೊಲಿಯಿರಿ, ಹೊರಗೆ ಬಾವುಟದ ಹಾಗೆ ನಿಲ್ಲಲಿ. ಪ್ಲಾಸ್ಟಿಕ್ ಲಕೋಟೆಯಲ್ಲಿ ಸೀಲ್ ಮಾಡಿ. ಲೋಹದ ಪೆಟ್ಟಿಗೆ ಆದರೆ ಲೋಹಕ್ಕೆಂದೇ ಮಾಡಿದ ಟ್ಯಾಗ್ ತನ್ನಿ.

ಅಟ್ಟಿ ಕಟ್ಟುವಾಗ ಟ್ಯಾಗ್ ಇರುವ ಕಿವಿ ದಾರಿಯ ಕಡೆ ಇರಬೇಕು. ಅಟ್ಟಿಯ ನಡುವೆ ಹುದುಗಿದ ಟ್ಯಾಗ್ ಓದಲು ಸಿಗುವುದಿಲ್ಲ. ಎಂಥ ರೀಡರ್ ತಂದರೂ ಇದು ಬದಲಾಗದು. ಒಳಸಾಲಿನ ಚೀಲಗಳಿಗೆ, ಅವುಗಳ ಮುಂದಿನ ಚೀಲದ ಟ್ಯಾಗಿನ ಜತೆ ಹೆಸರು ಸೇರಿಸಿ ಬರೆದಿಡುವುದೇ ದಾರಿ.

ಗಾಡಿ ದೂಡುವುದು: ಕಣಿವೆ ಹುಡುಕುವ ವಿಧಾನ

ನನಗೆ ತುಂಬ ಇಷ್ಟವಾದ ಭಾಗ ಇದು. ದೊಡ್ಡ ಗಣಿತ ಬೇಡ, ಗ್ರಾಫ್ ನೋಡಲು ಬಂದರೆ ಸಾಕು.

ಅಟ್ಟಿಯ ಉದ್ದಕ್ಕೂ ನೇರವಾಗಿ ಗಾಡಿ ದೂಡಿ. ಆ್ಯಂಟೆನಾ ಚೀಲಗಳ ಕಡೆ ಮುಖ ಮಾಡಿರಲಿ, ನೀವು ಅದರ ಹಿಂದೆ ಇರಿ. ಒಂದು ಟ್ಯಾಗಿನ ಕಡೆ ಹೋಗುವಾಗ ದೂರ ಕಡಿಮೆಯಾಗುತ್ತಾ ಬರುತ್ತದೆ, ಎದುರು ಬಂದಾಗ ಅತಿ ಕಡಿಮೆ, ದಾಟಿದ ಮೇಲೆ ಮತ್ತೆ ಜಾಸ್ತಿ. ಫೇಸ್ ಕೂಡ ಹಾಗೆಯೇ ಇಳಿದು ಏರುತ್ತದೆ. ನಿಮ್ಮ ರೀಡರಿನಲ್ಲಿ ದೂರ ಹೋದಾಗ ಸಂಖ್ಯೆ ಇಳಿಯುವುದಾದರೆ ಮೊದಲೇ ಪ್ರತಿ ಫೇಸ್‌ನ ಚಿಹ್ನೆ ಉಲ್ಟಾ ಮಾಡಿಕೊಳ್ಳಿ. ಗ್ರಾಫ್‌ನಲ್ಲಿ ಒಂದು ಕಣಿವೆ ಕಾಣುತ್ತದೆ. ಕಣಿವೆಯ ತಳ ಎಲ್ಲಿದೆಯೋ ಟ್ಯಾಗ್ ಅಲ್ಲೇ ಎದುರಿಗಿದೆ.

ಲೆಕ್ಕ ನೋಡಿ. ಟ್ಯಾಗ್ 2 ಮೀಟರ್ ದೂರದಲ್ಲಿದೆ ಅನ್ನೋಣ. ಎದುರಿನಿಂದ 25 ಸೆಂಟಿಮೀಟರ್ ಪಕ್ಕಕ್ಕೆ ಇದ್ದಾಗ ಫೇಸ್ ತಳಕ್ಕಿಂತ ಸುಮಾರು 32 ಡಿಗ್ರಿ ಮೇಲೆ. 50 ಸೆಂಟಿಮೀಟರಿನಲ್ಲಿ 128 ಡಿಗ್ರಿ. 1 ಮೀಟರಿನಲ್ಲಿ 491 ಡಿಗ್ರಿ, ಅಂದರೆ ಒಂದು ಸುತ್ತು ದಾಟಿ ಹೋಯಿತು. ಅದೇ ಟ್ಯಾಗ್ 1 ಮೀಟರ್ ದೂರದಲ್ಲಿದ್ದರೆ 50 ಸೆಂಟಿಮೀಟರಿನಲ್ಲೇ 246 ಡಿಗ್ರಿ. ಹತ್ತಿರದ ಟ್ಯಾಗಿನ ಕಣಿವೆ ಕಡಿದಾಗಿರುತ್ತದೆ, ದೂರದ್ದು ಅಗಲವಾಗಿರುತ್ತದೆ. ಹಾಗಾಗಿ ತಳ ಎಲ್ಲಿ ಅನ್ನುವುದು ಉದ್ದದ ಜಾಗ ಹೇಳಿದರೆ, ಕಡಿದು ಎಷ್ಟು ಅನ್ನುವುದು ದೂರ ಹೇಳುತ್ತದೆ. ಮುಂದಿನ ಅಟ್ಟಿಯೋ, ಅದರ ಸಂದಿನಲ್ಲಿ ಕಾಣುವ ಹಿಂದಿನ ಅಟ್ಟಿಯೋ ಅಂತ ಇದರಿಂದಲೇ ಗೊತ್ತಾಗುತ್ತದೆ.

ಫೇಸ್ 360 ದಾಟಿದಾಗ ಸೊನ್ನೆಗೆ ಬೀಳುತ್ತದೆ, ಆ ಜಿಗಿತಗಳನ್ನು ಜೋಡಿಸಿ ಒಂದೇ ಗೆರೆ ಮಾಡಬೇಕು. ಪೈಥಾನಿನ ನಂಪೈ ಎಂಬ ಗಣಿತದ ಲೈಬ್ರರಿಯಲ್ಲಿ ಅದಕ್ಕೆ ಒಂದೇ ಸಾಲಿನ ಆದೇಶ ಇದೆ. ಆದರೆ ಎರಡು ಓದುಗಳ ನಡುವೆ ದೂರ 8.6 ಸೆಂಟಿಮೀಟರಿಗಿಂತ ಜಾಸ್ತಿ ಬದಲಾದರೆ ಯಾವ ಕಡೆ ತಿರುಗಿತು ಅನ್ನುವುದೇ ಗೊತ್ತಾಗದು. 180ರ ಗೊಂದಲ ಇರುವ ರೀಡರಿನಲ್ಲಿ 4.3 ಸೆಂಟಿಮೀಟರಿಗೇ ಈ ಮಿತಿ. ಆದ್ದರಿಂದ 2 ಸೆಂಟಿಮೀಟರಿಗೊಂದು ಓದು ಇಟ್ಟುಕೊಳ್ಳಿ.

ಹಾಗಾದರೆ ಗಾಡಿಯ ವೇಗ ಎಷ್ಟು? ರೀಡರ್ ಸೆಕೆಂಡಿಗೆ 200 ಸಲ ಓದುತ್ತದೆ, ಎದುರಿಗೆ 40 ಟ್ಯಾಗ್ ಇವೆ ಅನ್ನಿ. ಒಂದೊಂದಕ್ಕೆ ಸಿಗುವುದು ಸೆಕೆಂಡಿಗೆ 5 ಓದು. 2 ಸೆಂಟಿಮೀಟರಿಗೊಂದು ಬೇಕಾದರೆ ಸೆಕೆಂಡಿಗೆ 10 ಸೆಂಟಿಮೀಟರ್ ಮಾತ್ರ ಹೋಗಬಹುದು. ಇದು ಆಮೆ ನಡಿಗೆ. ಆತುರ ಮಾಡಬೇಡಿ ಮಾರಾಯ್ರೆ, ಕೆಡುವುದು ಇಲ್ಲೇ. ಬೇಗ ಬೇಕಾದರೆ ಸೆಲೆಕ್ಟ್ ಆದೇಶ ಕೊಟ್ಟು ಬೇಕಾದ ಲಾಟಿನ ಟ್ಯಾಗ್‌ಗಳು ಮಾತ್ರ ಉತ್ತರಿಸುವ ಹಾಗೆ ಮಾಡಿ.

ಗಾಡಿ ಎಲ್ಲಿದೆ ಅಂತ ಲ್ಯಾಪ್‌ಟಾಪಿಗೆ ತಿಳಿಯುವುದು ಹೇಗೆ? ಚಕ್ರ ಎಷ್ಟು ಸುತ್ತಿತು ಅಂತ ಎಣಿಸುವ ಎನ್‌ಕೋಡರ್ ಹಾಕಬಹುದು. ಸುಲಭದ ಉಪಾಯ, ಆಗಲೇ ಕಂಬಕ್ಕೆ ಅಂಟಿಸಿದ ಟ್ಯಾಗ್‌ಗಳು. ಒಂದೊಂದು ಕಂಬದ ಎದುರು ಬಂದಾಗಲೂ ಅದರ ಕಣಿವೆಯ ತಳ ಬರುತ್ತದೆ. ಕಂಬದ ಜಾಗ ಗೊತ್ತು, ಗಳಿಗೆ ಗೊತ್ತು. ನಡುವಿನ ವೇಗ ಒಂದೇ ಇದ್ದರೆ ಉಳಿದದ್ದು ತ್ರೈರಾಶಿ.

ಇನ್ನೂ ನಿಖರ ಬೇಕಾದವರಿಗೆ

ಕಣಿವೆ ವಿಧಾನ ಚೀಲಗಳ ಕ್ರಮ ಹೇಳಲು ಬೇಕಾದಷ್ಟಾಯಿತು. ಜಾಗವನ್ನೇ ಗುರುತಿಸಬೇಕಾದರೆ ಎಲ್ಲ ಓದುಗಳನ್ನೂ ಒಟ್ಟಿಗೆ ಬಳಸಬೇಕು. ವಿಮಾನದಿಂದ ನೆಲದ ಚಿತ್ರ ತೆಗೆಯುವ ರೇಡಾರ್ ಕೂಡ ಹೀಗೆಯೇ ಮಾಡುವುದು.

ಅಟ್ಟಿ ಇರುವ ಜಾಗವನ್ನು 2 ಸೆಂಟಿಮೀಟರ್ ಚೌಕಗಳಾಗಿ ಭಾಗ ಮಾಡಿ. ಒಂದು ಚೌಕ ಆರಿಸಿ. ಟ್ಯಾಗ್ ಇಲ್ಲೇ ಇದ್ದಿದ್ದರೆ, ಗಾಡಿಯ ಒಂದೊಂದು ಜಾಗದಿಂದ ಎಷ್ಟು ಫೇಸ್ ಬರಬೇಕಿತ್ತು? ದೂರವನ್ನು ಸೆಂಟಿಮೀಟರಿನಲ್ಲಿ 720ರಿಂದ ಗುಣಿಸಿ 34.6ರಿಂದ ಭಾಗಿಸಿ. ಅದನ್ನು ನಿಜವಾಗಿ ಬಂದ ಫೇಸ್‌ನಿಂದ ಕಳೆಯಿರಿ. ಉಳಿದ ಕೋನದ ಕಡೆಗೆ ಪ್ರತಿ ಸಲವೂ ಒಂದೇ ಉದ್ದದ ಬಾಣ ಎಳೆಯಿರಿ. ಎಲ್ಲ ಬಾಣಗಳನ್ನು ತಲೆಗೆ ಬಾಲ ಜೋಡಿಸಿ ಕೂಡಿಸಿ. ಊಹೆ ಸರಿಯಾಗಿದ್ದರೆ ಬಾಣಗಳೆಲ್ಲ ಒಂದೇ ಕಡೆ ಮುಖ ಮಾಡಿ ಮೊತ್ತ ಉದ್ದ ಬರುತ್ತದೆ. ತಪ್ಪಾಗಿದ್ದರೆ ದಿಕ್ಕಾಪಾಲಾಗಿ ಮೊತ್ತ ಮೊಟಕು. ಪ್ರತಿ ಚೌಕಕ್ಕೂ ಹೀಗೆ ಮಾಡಿ ಉದ್ದವನ್ನು ಬಣ್ಣದಲ್ಲಿ ತೋರಿಸಿದರೆ ಒಂದು ಕಡೆ ಬೆಳಕಿನ ಚುಕ್ಕೆ ಮೂಡುತ್ತದೆ. ಕೇಬಲ್, ಚಿಪ್ ಸೇರಿಸಿದ ತಿರುವು ಎಲ್ಲ ಬಾಣಗಳನ್ನೂ ಒಂದೇ ಸಮ ತಿರುಗಿಸುವುದರಿಂದ ಮೊತ್ತದ ಉದ್ದಕ್ಕೆ ಏನೂ ಆಗುವುದಿಲ್ಲ. ಅದನ್ನು ಅಳೆಯುವ ಗೋಜೇ ಇಲ್ಲ. ಫೇಸನ್ನು ಎರಡರಿಂದ ಗುಣಿಸಿದ್ದರೆ ಊಹೆಯ ಫೇಸನ್ನೂ ಗುಣಿಸಲು ಮರೆಯಬೇಡಿ.

4 ಮೀಟರಿಗೆ 3 ಮೀಟರ್ ಜಾಗ ಅಂದರೆ 30,000 ಚೌಕ. 100 ಓದುಗಳಿದ್ದರೆ 30 ಲಕ್ಷ ಲೆಕ್ಕ. ಸಾಧಾರಣ ಲ್ಯಾಪ್‌ಟಾಪಿಗೆ ಇದು ಕ್ಷಣದ ಕೆಲಸ.

ಗಾಡಿ 2 ಮೀಟರ್ ಓಡಿ, ಟ್ಯಾಗ್ 3 ಮೀಟರ್ ದೂರ ಇದ್ದರೆ ಚುಕ್ಕೆಯ ಅಗಲ ಅಟ್ಟಿಯ ಉದ್ದಕ್ಕೆ ಸುಮಾರು 26 ಸೆಂಟಿಮೀಟರ್. ಅದರ ನಡುಬಿಂದು ಇನ್ನೂ ನಿಖರ ಸಿಗುತ್ತದೆ. ದೂರದ ದಿಕ್ಕಿನಲ್ಲಿ ಚುಕ್ಕೆ ಎಳೆದ ಹಾಗೆ ಉದ್ದ ಇರುತ್ತದೆ. ಆಚೆ ಬದಿಯಿಂದ ಅಡ್ಡಕ್ಕೆ ಇನ್ನೊಂದು ಓಟ ಮಾಡಲು ಜಾಗ ಇದ್ದರೆ ಮಾಡಿ, ಎರಡೂ ಚುಕ್ಕೆ ಕೂಡುವ ಕಡೆ ಟ್ಯಾಗ್. ನೇರ ಗೆರೆಯ ಓಟದಿಂದ ಎತ್ತರ ಗೊತ್ತಾಗುವುದಿಲ್ಲ ಅನ್ನುವುದೂ ನೆನಪಿರಲಿ. ಅದೇ ಆ್ಯಂಟೆನಾ ಒಂದು ಮೀಟರ್ ಮೇಲೆ ಕಟ್ಟಿ ಎರಡನೇ ಸಲ ದೂಡಿ, ಲೆಕ್ಕಕ್ಕೆ ಎತ್ತರವನ್ನೂ ಸೇರಿಸಿ.

2013ರಲ್ಲಿ ಅಮೆರಿಕದ ಎಂಐಟಿಯಲ್ಲಿ ದೀನಾ ಕತಾಬಿ ಅವರ ತಂಡ ಸರಿಯುವ ಆ್ಯಂಟೆನಾ ಮತ್ತು ಜಾಗ ಗೊತ್ತಿರುವ ಟ್ಯಾಗ್‌ಗಳನ್ನು ಸೇರಿಸಿ ಸುಮಾರು 11 ಸೆಂಟಿಮೀಟರ್ ನಿಖರತೆ ತೋರಿಸಿತು. ಗೋಡೆಗೆ ಬಡಿದು ಬರುವ ಅಲೆಗಳನ್ನು ಅವರು ಶತ್ರು ಅಂತ ಎಣಿಸಲಿಲ್ಲ. ಪಕ್ಕಪಕ್ಕದ ಟ್ಯಾಗ್‌ಗಳಿಗೆ ಒಂದೇ ಬಗೆಯ ಪ್ರತಿಧ್ವನಿ ಇರುತ್ತದೆ ಅಂತ ಅದನ್ನೇ ಗುರುತಾಗಿ ಬಳಸಿದರು.

ಸುಳ್ಳು ಚುಕ್ಕೆ ಬಂದರೆ

ಚಿತ್ರದಲ್ಲಿ ಎರಡು ಚುಕ್ಕೆ ಕಂಡರೆ ಒಂದು ಪ್ರತಿಬಿಂಬ. ಬಡಿದು ಬಂದ ದಾರಿ ನೇರ ದಾರಿಗಿಂತ ಯಾವಾಗಲೂ ಉದ್ದ. ಹಾಗಾಗಿ ಸುಳ್ಳು ಚುಕ್ಕೆ ಸಾಮಾನ್ಯವಾಗಿ ದೂರದಲ್ಲಿರುತ್ತದೆ, ಎಷ್ಟೋ ಸಲ ಗೋಡೆಯಾಚೆ. ಹತ್ತಿರದ ಗಟ್ಟಿ ಚುಕ್ಕೆಯನ್ನು ಆರಿಸಿ. ಸಂಶಯ ಇದ್ದರೆ ಆ್ಯಂಟೆನಾ ಎತ್ತರ ಬದಲಿಸಿ ಇನ್ನೊಮ್ಮೆ ಓಡಿಸಿ. ನಿಜವಾದದ್ದು ನಿಲ್ಲುತ್ತದೆ, ಸುಳ್ಳು ಜಾಗ ಬದಲಿಸುತ್ತದೆ. ಓಟ ನಡೆಯುವಾಗ ಶಟರ್ ಎಳೆಯುವುದು, ಜನ ಓಡಾಡುವುದು ಬೇಡ.

ಸರಿಯಾಗಿದೆಯೇ ನೋಡುವುದು

ಹತ್ತು ಟ್ಯಾಗನ್ನು ಬೇರೆಯವರ ಕೈಯಲ್ಲಿ ಇಡಿಸಿ. ಅವರು ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳಲಿ, ನಿಮಗೆ ಹೇಳದಿರಲಿ. ನಿಮ್ಮ ಲೆಕ್ಕ ಮುಗಿದ ಮೇಲೆ ಹೋಲಿಸಿ. ಸರಾಸರಿ ಒಂದೇ ನೋಡಿದರೆ ಸಾಲದು, ಅತಿ ಕೆಟ್ಟ ತಪ್ಪು ಎಷ್ಟು ಅನ್ನುವುದನ್ನೂ ಬರೆಯಿರಿ. ಎಲ್ಲ ತಪ್ಪುಗಳೂ ಒಂದೇ ದಿಕ್ಕಿಗೆ ಇದ್ದರೆ ಗಾಡಿಯ ಜಾಗದ ಲೆಕ್ಕ ಸರಿದಿದೆ. ಚೆಲ್ಲಾಪಿಲ್ಲಿ ಇದ್ದರೆ ಪ್ರತಿಫಲನದ ಕಾಟ. ಒಂದೇ ಒಂದು ಟ್ಯಾಗ್ ಕೆಟ್ಟಿದ್ದರೆ ಆ ಕಿವಿ ಚೀಲಕ್ಕೆ ಒತ್ತಿಕೊಂಡಿರಬಹುದು, ಹೋಗಿ ನೋಡಿ.

ಇದೇ ಪರೀಕ್ಷೆಯನ್ನು ಏಪ್ರಿಲ್‌ನಲ್ಲೊಮ್ಮೆ, ಜೂನ್ ಮಳೆ ಹಿಡಿದ ಮೇಲೆ ಇನ್ನೊಮ್ಮೆ ಮಾಡಿ. ಗೋಣಿ ತೇವ ಎಳೆದುಕೊಂಡ ಮೇಲೆ ಓದು ಸಿಗುವ ದೂರ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಗಾಡಿಯನ್ನು ಅಟ್ಟಿಗೆ ಇನ್ನಷ್ಟು ಹತ್ತಿರ ಓಡಿಸಬೇಕಾದೀತು.

ಸಿಕ್ಕಿದ ಜಾಗಗಳನ್ನು ಲ್ಯಾಪ್‌ಟಾಪಿನಲ್ಲೇ ಬಿಡಬೇಡಿ. ಚೀಲ ಹೊರುವವರಿಗೆ ಸೆಂಟಿಮೀಟರ್ ಬೇಡ. ಎಷ್ಟನೇ ಕಂಬ, ಕಂಬದಿಂದ ಎಷ್ಟನೇ ಚೀಲ, ನೆಲದಿಂದ ಎಷ್ಟನೇ ಸಾಲು ಅಂತ ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಮುದ್ರಿಸಿ ಗೋದಾಮಿನ ಬಾಗಿಲಿಗೆ ಅಂಟಿಸಿ. ಮಾವನವರ ಗೋದಾಮಿನಲ್ಲಿ ಈಗ ಬೆಳಿಗ್ಗೆ ಬಂದವರು ಮೊದಲು ಆ ಹಾಳೆ ನೋಡುತ್ತಾರೆ.